ಮಗ್ಗದ ಕೋಣೆಯಲ್ಲಿ ನಿಂತ ಕಾರು

ಅಣ್ಣನ ಕಾರು ಬೆಟಗೇರಿಯ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ನಿಂತು ಎಷ್ಟೋ ವರ್ಷವಾಗಿತ್ತು. ಅದನ್ನು ಅಲ್ಲಿ ನಿಲ್ಲಿಸುವುದಕ್ಕಾಗಿ ಅವನು ಅಪ್ಪನ ಎರಡು ಮಗ್ಗಗಳನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ್ದ. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿಗಳಿಗೆ ಕಲ್ಲುಮಣ್ಣು ತುಂಬಿಸಿ ಮೇಲೆ ಸಿಮೆಂಟು ಬಳಿಸಿದ್ದ. ಬೀದಿ ಕಡೆಯ ಗೋಡೆ ಒಡೆಸಿ ಶಟರ್ ಕೂರಿಸಿದ್ದ. ಅಪ್ಪ ತೀರಿಕೊಂಡ ವರ್ಷವೇ ಇದೆಲ್ಲ ನಡೆಯಿತು. ಆಮೇಲೆ ಹೆಂಡತಿಯ ಊರು ಮುಂಡರಗಿಗೆ ಹೋಗಿ ಬೀಜ-ಗೊಬ್ಬರದ ಅಂಗಡಿ ಹಾಕಿದ. ಕಾರನ್ನು ಮಾತ್ರ ಒಯ್ಯಲಿಲ್ಲ.

ಮರೆತು ಬಿಟ್ಟು ಹೋದದ್ದಲ್ಲ ಅದು. ಕಾರು ಇರುವವರೆಗೆ ಕೋಣೆ ಅವನದು ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾನು ಮದುವೆಯಾಗಲಿಲ್ಲ. ಅಪ್ಪನ ಕಸುಬನ್ನು ನಾನೇ ಹಿಡಿದೆ. ನಡುಮನೆಯಲ್ಲಿ ಒಂದು ಮಗ್ಗ, ಹಿತ್ತಲ ತಗಡಿನ ಕೆಳಗೆ ಇನ್ನೊಂದು. ನೇಯ್ದ ಸೀರೆಗಳನ್ನು ಒಂದು ಹಳೇ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿಯ ಅಂಗಡಿಗಳಿಗೆ ನಾನೇ ಮುಟ್ಟಿಸಿ ಬರುತ್ತಿದ್ದೆ. ಮಳೆ ಬಂದರೆ ತಗಡು ಸೋರಿ ಹಾಸು ಒದ್ದೆಯಾಗುತ್ತಿತ್ತು. ಒದ್ದೆ ನೂಲನ್ನು ಒರೆಸುತ್ತ ನಿಂತಾಗಲೆಲ್ಲ, ಪಕ್ಕದ ಕೋಣೆಯಲ್ಲಿ ಬೆಚ್ಚಗೆ ಹೊದ್ದುಕೊಂಡು ನಿಂತ ಆ ಕಾರಿನ ಮೇಲೆ ಕೊಡಲಿ ಹಾಕಬೇಕು ಅನ್ನಿಸುತ್ತಿತ್ತು.

ಶಿರಹಟ್ಟಿಯ ನಮ್ಮ ಕಾಕಾನ ಮನೆಯಲ್ಲಿ ಒಬ್ಬ ಬಸುರಿಯ ಕುಬಸದ ಊಟಕ್ಕೆ ಸೇರಿದ್ದೆವು. ಎಲ್ಲರ ಮುಂದೆಯೇ ಕೇಳಿಬಿಟ್ಟೆ.

“ಅಣ್ಣಾ, ಕೋಣಿ ಖಾಲಿ ಮಾಡು. ನನಗ ಮಗ್ಗ ಹಾಕಬೇಕಾಗೇತಿ.”

“ಗಾಡಿ ಎಲ್ಲಿಡ್ಲಿ?”

“ನಿನ್ನ ಮನಿ ಮುಂದ ಇಡು.”

“ಚಾಲೂ ಆದ್ರ ಇಡತಿದ್ದೆ. ಅದು ಸಾದಾ ಗಾಡಿ ಅಲ್ಲಲೇ, ಕಂಡವರ ಕೈಗೆ ಬಗ್ಗೂದಿಲ್ಲ.” ಅಷ್ಟಕ್ಕೆ ಬಿಡಲಿಲ್ಲ. ಕಾಕಾನ ಕಡೆ ತಿರುಗಿ ದೊಡ್ಡ ದನಿಯಲ್ಲಿ ಅಂದ: “ಕಾಕಾ, ನೀವ ಸಾಕ್ಷಿ ನೋಡ್ರಿ. ಇಕಿ ಅದನ್ನ ಚಾಲೂ ಮಾಡಿ, ಓಡಿಸಿಕೊಂಡು ಬಂದು ನನ್ನ ಬಾಗಲಕ್ಕ ನಿಲ್ಲಿಸಲಿ. ಅವತ್ತ ಕೋಣಿ ಇಕಿಗೆ ಬಿಟ್ಟೆ. ಎಳಕೊಂಡು ಬಂದ್ರ ನಡೆಯೂದಿಲ್ಲ ಮತ್ತ.”

ಪಂಕ್ತಿಯಲ್ಲಿ ಕೂತವರು ನಕ್ಕರು. ಲಾಳಿ ಹೊಡೆಯುವ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಾಳಂತೆ ಎಂದು ಯಾರೋ ಅಂದರು. ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಎಲೆ ಬಿಟ್ಟು ಎದ್ದೆ.

ಮರುದಿನ ಗದಗಿನಲ್ಲಿ ನನ್ನ ಗೂಡ್ಸ್ ಗಾಡಿ ರಿಪೇರಿ ಮಾಡುವ ಮಿಸ್ತ್ರಿಯ ಹತ್ತಿರ ಹೋದೆ. ಅವನು ಕೈ ಒರೆಸಿಕೊಳ್ಳುತ್ತ ನೆಲ ನೋಡಿದ. “ಅಕ್ಕಾರ, ನಿಮ್ಮಣ್ಣಾರು ಫೋನ್ ಮಾಡಿದ್ರು. ಅವರ ಗಾಡಿ ಮುಟ್ಟಬ್ಯಾಡ ಅಂದಾರ್ರಿ.” ಇನ್ನೊಬ್ಬನ ಹತ್ತಿರ ಹೋದೆ. ಅಲ್ಲೂ ಅದೇ ಮಾತು. ಹರೆಯದಲ್ಲಿ ಅಣ್ಣ ದಿನಗಟ್ಟಲೆ ಗ್ಯಾರೇಜುಗಳಲ್ಲೇ ಬಿದ್ದಿರುತ್ತಿದ್ದ. ಊರಿನ ಮಿಸ್ತ್ರಿಗಳೆಲ್ಲ ಅವನ ಗೆಳೆಯರು. ಹಾಗಾದರೆ ನಾನೇ ಮಾಡುತ್ತೇನೆ ಅಂದುಕೊಂಡೆ. ಧೈರ್ಯದಿಂದ ಅಂದುಕೊಂಡದ್ದಲ್ಲ, ಸಿಟ್ಟಿನಿಂದ.

ಕಾರಿನ ಕೀಲಿ ದೇವರ ಕೋಣೆಯ ಗೂಟದಲ್ಲಿತ್ತು. ಅವ್ವ ತೆಗೆದು ಕೊಡಲಿಲ್ಲ, ನಾನು ತೆಗೆದುಕೊಳ್ಳುವಾಗ ತಡೆಯಲೂ ಇಲ್ಲ.

“ಅವಗ ಕೇಳಿ ಮುಟ್ಟು” ಅಂದಳು.

“ಅವನ ಹೇಳ್ಯಾನಲ್ಲ, ಅಷ್ಟು ಮಂದಿ ಮುಂದ.”

ಶಟರ್ ಎತ್ತಿ ಹೊದಿಕೆ ಎಳೆದೆ. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಅದು ಡೀಸೆಲ್ ಕಾರು. ಅದರ ಟರ್ಬೊ, ಅಂದರೆ ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಅದೇ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಚಕ್ರ, ಅಣ್ಣನಿಗೆ ಸಾಲದಾಗಿತ್ತು. ಅದನ್ನು ಕಿತ್ತು ದೊಡ್ಡದು ಹಾಕಿಸಿದ್ದ. ಗಾಳಿಯ ಪೆಟ್ಟಿಗೆ ತೆಗೆಸಿ ಬತ್ತಲೆ ಫಿಲ್ಟರ್ ಕೂರಿಸಿದ್ದ. ಬಾನೆಟ್ ಎತ್ತಿದರೆ ಆ ಫಿಲ್ಟರಿನ ಹಿಂದೆ ಇಲಿ ಗೂಡು ಕಟ್ಟಿತ್ತು, ನಮ್ಮದೇ ಮಗ್ಗದ ಕೆಂಪು ಹಸಿರು ನೂಲಿನಿಂದ. ಎರಡೂ ಕೈಯಲ್ಲಿ ಅದನ್ನು ಬಾಚಿ ಬೀದಿಗೆ ಎಸೆದೆ.

ಬೆಳಿಗ್ಗೆ ಮಗ್ಗ, ಮಧ್ಯಾಹ್ನದ ಮೇಲೆ ಕಾರು. ಫೋನಿನಲ್ಲಿ ವಿಡಿಯೋ ನೋಡುವುದು, ನಿಲ್ಲಿಸುವುದು, ಬಿಚ್ಚುವುದು. ಟ್ಯಾಂಕಿನ ಡೀಸೆಲ್ ಕಾಕಂಬಿಯಂತಾಗಿತ್ತು. ಅದನ್ನು ಇಳಿಸಿ, ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿದೆ. ಹಿಂದಿನ ಬ್ರೇಕುಗಳು ಜಂಗು ಹಿಡಿದು ಗಾಲಿಯನ್ನು ಕಚ್ಚಿಕೊಂಡಿದ್ದವು. ಸುತ್ತಿಗೆಯಿಂದ ಹೊಡೆದು ಹೊಡೆದು ಬಿಡಿಸಿದೆ. ಒಂದೊಂದು ಪೆಟ್ಟಿಗೂ ಅವನ ಹೆಸರು ಹೇಳಿದೆ, ಅದು ಸುಳ್ಳಲ್ಲ. ಇಲಿ ಕಡಿದ ವೈರುಗಳಿಗೆ ಗಂಟು ಹಾಕಿ ಟೇಪು ಸುತ್ತಿದೆ. ಕಡಿದ ಎಳೆಗೆ ಎಳೆ ಹುಡುಕಿ ಗಂಟು ಹಾಕುವುದು ನನಗೆ ಹೊಸದಲ್ಲವಲ್ಲ.

ಟರ್ಬೊಗೆ ಮಾತ್ರ ಹೆದರಿದ್ದೆ. ಗಾಳಿಯ ಕೊಳವೆ ಬಿಚ್ಚಿ ಬೆರಳು ಹಾಕಿ ಚಕ್ರ ತಿರುಗಿಸಿದರೆ ಜಗ್ಗಲಿಲ್ಲ. ಎಣ್ಣೆ ಬಿಟ್ಟು, ದಿನ ಬಿಟ್ಟು ದಿನ ಮೆಲ್ಲಗೆ ಅಲುಗಿಸುತ್ತ ಬಂದೆ. ಕೊನೆಗೊಮ್ಮೆ ಬೆರಳಿನ ಕೆಳಗೆ ಅದು ಜಾರಿ ಸರಾಗವಾಗಿ ತಿರುಗಿತು. ಒಣ ಟರ್ಬೊ ಜೋರಾಗಿ ತಿರುಗಿದರೆ ಅಲ್ಲೇ ಸುಟ್ಟುಹೋಗುತ್ತದೆ ಎಂದು ತಿಳಿದಿತ್ತು. ಅದಕ್ಕೇ ಹೊಸ ಎಣ್ಣೆ ತುಂಬಿ, ಡೀಸೆಲ್ ಹೋಗದಂತೆ ಮಾಡಿ, ಹೊಸ ಬ್ಯಾಟರಿಯಿಂದ ಇಂಜಿನ್ನನ್ನು ಬರಿದೇ ತಿರುಗಿಸಿದೆ. ಎಣ್ಣೆಯ ಕೆಂಪು ದೀಪ ಆರಿದ ಮೇಲೆ ಎಲ್ಲ ಮೊದಲಿನಂತೆ ಜೋಡಿಸಿ ಕೀಲಿ ತಿರುವಿದೆ.

ತಿರುಗಿತು, ತಿರುಗಿತು, ಹತ್ತಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ಇಂಜಿನ್ನಿಗೆ ಡೀಸೆಲ್ಲೇ ಮುಟ್ಟುತ್ತಿರಲಿಲ್ಲ. ಪೈಪುಗಳನ್ನು ಮತ್ತೆ ಬಿಚ್ಚಿದೆ, ಊದಿದೆ, ಜೋಡಿಸಿದೆ. ಒಂದು ದಿನ ಅಣ್ಣನೇ ಅವ್ವನ ಫೋನಿಗೆ ಕರೆ ಮಾಡಿ ನನಗೆ ಕೊಡಿಸಿದ.

“ಏನವಾ ಮಿಸ್ತ್ರಿ, ಹತ್ತಿತೇನು?”

“ಹತ್ತತೈತಿ.”

“ಹತ್ತತೈತಿ, ಹತ್ತತೈತಿ. ಬ್ಯಾಟರಿ ಸುಟ್ಟುಕೊಂಡಿಯಲೇ” ಎಂದು ನಕ್ಕ. ಫೋನನ್ನು ಅವ್ವನ ಮಡಿಲಿಗೆ ಎಸೆದೆ. ಅವ್ವ ಅದನ್ನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ, “ಹೂಂ... ಇಲ್ಲ... ಹೂಂ” ಎಂದು ಮೆಲ್ಲಗೆ ಮಾತಾಡಿದಳು.

ಆ ನಗೆ ನನ್ನ ತಲೆಯಲ್ಲಿ ಉಳಿಯಿತು. ಕೆಟ್ಟ ಗಾಡಿಯ ಬಗ್ಗೆ ನಕ್ಕ ನಗೆ ಅದಾಗಿರಲಿಲ್ಲ. ಏನೋ ಬಚ್ಚಿಟ್ಟವನ ನಗೆ. ಅವತ್ತಿನಿಂದ ಇಂಜಿನ್ ಬಿಟ್ಟು ವೈರುಗಳನ್ನೇ ಹಿಡಿದೆ. ಸ್ಟೇರಿಂಗಿನ ಕೆಳಗೆ, ಕಂಪನಿಯ ವೈರುಗಳ ನಡುವೆ, ಕಪ್ಪು ಟೇಪು ಸುತ್ತಿದ ಒಂದು ಜೋಡಿ ಬೇರೆಯೇ ಬಣ್ಣದ್ದಿತ್ತು. ಹಿಡಿದುಕೊಂಡು ಹೋದೆ. ಕಾಲ್ಹಾಸಿನ ಕೆಳಗೆ ಹಾದು, ಸೀಟಿನ ಅಡಿಗೆ ಹೋಗಿ, ಸೀಟು ಸರಿಯುವ ಪಟ್ಟಿಯ ಹಿಂದೆ ಅದು ಮುಗಿದಿತ್ತು. ಅಲ್ಲಿ ಕಡಲೆಕಾಳಿನಷ್ಟು ಸಣ್ಣ ಸ್ವಿಚ್ಚಿನ ಗುಂಡಿ. ಕಳ್ಳರು ಒಯ್ಯದಿರಲೆಂದು ಡೀಸೆಲ್ ಪಂಪಿನ ಕರೆಂಟು ಕಡಿಯಲು ಅಣ್ಣ ಹಾಕಿಸಿಕೊಂಡದ್ದು. ಒತ್ತಿದೆ. ಕೀಲಿ ತಿರುವಿದೆ.

ಕೋಣೆಯ ಗೋಡೆಗಳು ನಡುಗಿದವು. ಬಿಳಿ ಹೊಗೆ, ಆಮೇಲೆ ಕರಿ ಹೊಗೆ. ಸೈಲೆನ್ಸರ್ ಕಿತ್ತುಹಾಕಿದ್ದ ಗಾಡಿಯ ಸದ್ದಿಗೆ ಎದುರು ಮನೆಯವರು ಓಡಿಬಂದು ಬೈಯತೊಡಗಿದರು. ನಾನು ಕೆಳಗಿಳಿದು ನಿಂತೆ. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡು ಬಾಗಿಲಿಗೆ ಬಂದಳು. ಕಾರನ್ನು ನೋಡಿದಳು, ನನ್ನನ್ನು ನೋಡಿದಳು.

“ಆ ಗುಂಡಿ ಸಿಕ್ತೇನು?” ಅಂದಳು.

ಇಂಜಿನ್ ಆರಿಸಿದೆ. “ಯಾವ ಗುಂಡಿ?”

ಅವ್ವ ಸೆರಗು ಬೀಸಿ ಹೊಗೆ ಸರಿಸತೊಡಗಿದಳು.

“ನಿನಗ ಗೊತ್ತಿತ್ತೇನು?”

“ದಿನಾ ಹೊರಗ ಹೊಂಟಾಗ ಸೀಟಿನ ಬುಡಕ ಕೈ ಹಾಕತಿದ್ದ. ನೋಡಿದ್ದೆ.”

“ನಾ ಇಷ್ಟು ದಿನಾ ಇಲ್ಲಿ ಬಿದ್ದು ಒದ್ದಾಡೋದೂ ನೋಡಿದಿ.”

“ಹೇಳಬ್ಯಾಡ ಅಂದಿದ್ದ” ಅಂದಳು ಅವ್ವ. “ಅವಂದೂ ಮನಿ ಐತಿ ಇದು. ಈ ಕೋಣಿನೂ ಹೋದ್ರ ಅಂವ ಯಾಕ ಬರತಾನ ಇಲ್ಲಿಗೆ?”

ನನ್ನ ಕೈಯಲ್ಲಿ ಪಾನಾ ಇತ್ತು. ಅದನ್ನು ನೆಲಕ್ಕೆ ಇಟ್ಟೆ. ಇಟ್ಟದ್ದು ಒಳ್ಳೆಯದಾಯಿತು. ಇದೇ ಕೈಯಿಂದ ಆಕೆಯ ಕಾಲು ಒತ್ತುತ್ತೇನೆ, ಔಷಧಿ ಕುಡಿಸುತ್ತೇನೆ. ಆಕೆಯ ಮೇಲೆ ಬಂದದ್ದರ ಮುಂದೆ ಅಣ್ಣನ ಮೇಲಿದ್ದ ಸಿಟ್ಟು ಅವತ್ತು ಸಣ್ಣದಾಗಿ ಕಂಡಿತು.

ಟೈರು ಹಾಕಿಸಿ, ಓಣಿಯಲ್ಲಿ ಎರಡು ಸುತ್ತು ಓಡಿಸಿ, ಸೀಳಿದ್ದ ಒಂದು ಗಾಳಿಯ ಕೊಳವೆ ಬದಲಿಸಿ, ಒಂದು ಬೆಳಿಗ್ಗೆ ಮುಂಡರಗಿಗೆ ಹೊರಟೆ. ಊರು ದಾಟಿ ಎರೆಹೊಲಗಳು ಬಂದ ಮೇಲೆ ಕಾಲು ಒತ್ತಿದೆ. ಒಂದು ಕ್ಷಣ ಏನೂ ಇಲ್ಲ; ಆಮೇಲೆ ಟರ್ಬೊ ಶಿಳ್ಳೆ ಹೊಡೆಯುತ್ತ ಎದ್ದು, ಬೆನ್ನು ಸೀಟಿಗೆ ಬಡಿಯಿತು. ಬಲಕ್ಕೆ ಕಪ್ಪತಗುಡ್ಡ ಹಿಂದಕ್ಕೆ ಓಡಿತು. ಖರೆ ಹೇಳುತ್ತೇನೆ, ಬಹಳ ಸುಖವಾಯಿತು. ಅವನು ಇದಕ್ಕೇ ಮರುಳಾಗಿದ್ದ ಎಂದು ತಿಳಿಯಿತು. ತಿಳಿದದ್ದಕ್ಕೆ ಅವನ ಮೇಲಿನ ಸಿಟ್ಟು ಒಂದು ಕೂದಲಿನಷ್ಟೂ ಇಳಿಯಲಿಲ್ಲ.

ಸದ್ದಿಗೇ ಅವನು ಹೊರಗೆ ಬಂದು ನಿಂತಿದ್ದ. ಹಿಂದೆ ಅವನ ಹೆಂಡತಿ, ನಮ್ಮ ವೈನಿ. ಅವನು ಕಾರನ್ನು ನೋಡಲಿಲ್ಲ.

“ಅವ್ವ ಹೇಳಿದ್ಲೇನು?” ಅಂದ.

“ಇಲ್ಲ. ನಾನ ಹುಡುಕಿದೆ.”

“ಸುಳ್ಳು ಹೇಳಬ್ಯಾಡ. ಅದು ಅಕಿಗೊಬ್ಬಾಕಿಗೇ ಗೊತ್ತಿತ್ತು.”

“ಅಕಿ ನಿನ್ನ ಮಾತು ಉಳಿಸ್ಯಾಳ. ಬೇಕಾದ್ರ ಕೇಳು.”

ವೈನಿ ಮೆಲ್ಲಗೆ, “ಯಾವ ಗುಟ್ಟರೀ ಅದು? ಅವತ್ತ ಮಂದಿ ಮುಂದ ಹೇಳಲಿಲ್ಲಲ್ಲ ನೀವು?” ಅಂದಳು. “ನೀ ಒಳಗ ನಡಿ” ಎಂದು ಅವನು ಗದರಿದ. ನಾನು ಕೀಲಿಯನ್ನು ಕಟ್ಟೆಯ ಮೇಲಿಟ್ಟು, “ಕಾಕಾಗ ಫೋನ್ ಮಾಡಿ ಹೇಳೀನಿ, ಗಾಡಿ ಮುಟ್ಟೇತಿ ಅಂತ” ಎಂದು ತಿರುಗಿದೆ. ನೀರು ಕುಡಿ ಎಂದು ಯಾರೂ ಅನ್ನಲಿಲ್ಲ, ಅಂದಿದ್ದರೂ ಕುಡಿಯುತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸಾದೆ.

ಮರುದಿನ ಆಳು ಹಚ್ಚಿ ಸಿಮೆಂಟು ಒಡೆಸಿ ಕುಣಿಗಳ ಮಣ್ಣು ತೆಗೆಸಿದೆ. ಅಟ್ಟದಿಂದ ಅಪ್ಪನ ಮಗ್ಗಗಳು ಇಳಿದವು.

ಅಣ್ಣ ಅವ್ವನಿಗೆ ಫೋನ್ ಮಾಡುವುದನ್ನು ಬಿಟ್ಟ. ಹಬ್ಬಕ್ಕೂ ಬರಲಿಲ್ಲ. ಅವ್ವ ಮಾಡಿದರೆ ಎತ್ತುವುದಿಲ್ಲ. ಒಂದು ಸಂಜೆ ಅವ್ವ ಬಂದು ನನ್ನ ಮಗ್ಗದ ಪಕ್ಕ ನಿಂತಳು.

“ನಾ ಹೇಳಿಲ್ಲಂತ ಅವಗ ನೀ ಹೇಳಲಿಲ್ಲೇನು?”

“ಹೇಳೀನಿ.”

“ಮತ್ತ?”

“ನಂಬಲಿಲ್ಲ.”

ಅವ್ವ ಇನ್ನೇನೋ ಕೇಳುವವಳಿದ್ದಳು. ನಾನು ತಲೆ ಎತ್ತಲಿಲ್ಲ, ಲಾಳಿಯನ್ನೂ ನಿಲ್ಲಿಸಲಿಲ್ಲ. ಅವ್ವ ಮೂಲೆಯಲ್ಲಿದ್ದ ರಾಟೆಯ ಮುಂದೆ ಕೂತು ನನ್ನ ಮಗ್ಗಕ್ಕೆ ನೂಲು ಸುತ್ತತೊಡಗಿದಳು. ಈಗ ದಿನವೂ ಅಲ್ಲೇ ಕೂತು ಸುತ್ತುತ್ತಾಳೆ. ನೂಲು ಮುಗಿಯಿತು, ಬಣ್ಣ ಯಾವುದು ಎಂಬುದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಲ್ಲ.