ಅಂಗಡಿ ಇಲ್ಲದ ಅಂಗಡಿಯವರು

ನಮ್ಮ ಅಡ್ಡಹೆಸರು ಅಂಗಡಿ. ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಅಂಗಡಿಯವರೇ’ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ, ಉಳಿದರ್ಧ ಜನ ಯಾವ ಅಂಗಡಿ ತೆರೆದಿದೆ ಎಂದು ನೋಡುತ್ತಾರೆ. ನಮ್ಮಣ್ಣನಿಗೆ ಮಾತ್ರ ಈ ಹೆಸರಿನ ಮೇಲೆ ಎಲ್ಲಿಲ್ಲದ ಅಭಿಮಾನ. ಅದನ್ನು ಹಿತ್ತಾಳೆಯ ಅಕ್ಷರಗಳಲ್ಲಿ ಮಾಡಿಸಿ ಬಾಗಿಲ ಮೇಲೆ ಬಡಿಸಿದ್ದಾನೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಾನೇ ತಿಕ್ಕುತ್ತಾನೆ. ನಮ್ಮಲ್ಲಿ ಒಬ್ಬರಾದರೂ ಒಂದು ಬೆಂಕಿಪೊಟ್ಟಣ ಮಾರಿದ್ದನ್ನು ನಾನು ಕಂಡಿಲ್ಲ. ಆದರೂ ಹಿರಿಯರು ಭಾರೀ ವ್ಯಾಪಾರಸ್ಥರಾಗಿದ್ದರು ಎಂದು ಅಣ್ಣ ಬಂದವರಿಗೆಲ್ಲ ಚಹಾದ ಜೊತೆ ಬಡಿಸುತ್ತಾನೆ.

ಅಣ್ಣನ ಮಗಳು ಶಿಗ್ಗಾಂವಿಯ ಶಾಲೆಯಲ್ಲಿ ಕಲಿಸುತ್ತಾಳೆ. ಕಳೆದ ವರ್ಷ ಒಂದು ದಿನ ಊಟಕ್ಕೆ ಕುಳಿತಾಗ, ತಾನೊಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಳು.

“ಅಡ್ಡಹೆಸರೇನು?” ಅಣ್ಣ ಕೇಳಿದ.

“ಅಂಗಡಿ.”

“ಎಲ್ಲಿಯವರು?”

“ಸವಣೂರು. ಖಾರದ ಅಂಗಡಿ.”

“ಅಂಗಡಿ ಯಾವ್ದು ಅಂತ ಕೇಳಲಿಲ್ಲವ್ವಾ, ಅಡ್ಡಹೆಸರು ಕೇಳಿದೆ.”

“ಅದನ್ನ ಹೇಳಾಕತ್ತೇನಲ್ಲಪಾ, ಅಂಗಡಿ!”

ತಿಳಿಯುವ ಹೊತ್ತಿಗೆ ಅಣ್ಣನ ಸಾರು ಆರಿತ್ತು. ಎರಡೂ ಮನೆ ಅಂಗಡಿ ಎಂದಮೇಲೆ ಮೂಲ ಒಂದೇ ಇರಬಹುದು. ಮೂಲ ಒಂದೇ ಆದರೆ ಹುಡುಗ ಹುಡುಗಿ ದೂರದ ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ಹುಡುಗಿಯ ಮುಖ ಸಣ್ಣದಾಯಿತು. ವಂಶವೃಕ್ಷ ನೋಡಿ ಬಗೆಹರಿಸೋಣ ಎಂದೆ.

ವೃಕ್ಷಗಳಿಗೇನು ಬರವಿರಲಿಲ್ಲ. ಅಣ್ಣ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಒಂದು. ಶಿಗ್ಗಾಂವಿಯಲ್ಲಿರುವ ನಮ್ಮ ಕಾಕನ ಮಗ ಮೊಬೈಲಿನಲ್ಲಿ ಮಾಡಿದ್ದು ಇನ್ನೊಂದು. ನಮ್ಮ ಅಜ್ಜನವರೆಗೆ ಎರಡೂ ಒಂದೇ. ಅಲ್ಲಿಂದ ಮೇಲೆ ಮಾತ್ರ ಒಂದಕ್ಕೊಂದು ತಾಳಮೇಳವಿಲ್ಲ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಹಾಗಾಗಿ ಅವೇ ಹೆಸರುಗಳು ಮತ್ತೆ ಮತ್ತೆ ಬಂದು, ಅಣ್ಣನ ಹಾಳೆಯಲ್ಲಿ ಒಬ್ಬ ಹಿರಿಯರು ತಮ್ಮ ಅಜ್ಜನಿಗೇ ತಂದೆಯಾಗಿ ಕುಳಿತಿದ್ದರು. ಮೊಬೈಲಿನ ವೃಕ್ಷದಲ್ಲಿ ಅವರು ಹುಟ್ಟುವ ಮೊದಲೇ ಲಗ್ನವಾಗಿದ್ದರು. ಇಷ್ಟಾದರೂ ಇಬ್ಬರೂ ಮೂಲ ಊರು ದುಂಡಸಿ ಎಂದೇ ಬರೆದಿದ್ದರು.

ನಾನು ಸವಣೂರಿಗೆ ಹೋದೆ. ಅಂಗಡಿಯವರ ಮನೆ ಎಲ್ಲಿ ಎಂದು ಕೇಳಿದರೆ ಒಬ್ಬ “ಯಾವ ಅಂಗಡಿರಿ? ಎಲಿ ಅಡಿಕಿದೋ, ಖಾರದ್ದೋ?” ಎಂದ. ಖಾರದ್ದು ಎಂದೆ. ಅವನು ತೋರಿಸಿದ ಕಡೆಯಲ್ಲೆಲ್ಲ ಕರಿದ ಖಾರದ ಪೊಟ್ಟಣ ಕೊಂಡು, ಕೈಚೀಲ ತುಂಬಿದ ಮೇಲೆ ಬೇಕಾದ ಮನೆ ಸಿಕ್ಕಿತು. ಹುಡುಗ ಸುಸ್ವಭಾವದವನು, ನನಗೆ ಹಿಡಿಸಿದ. ಅವರ ಪಡಸಾಲೆಯ ಗೋಡೆಗೂ ಒಂದು ವಂಶವೃಕ್ಷ ತೂಗುತ್ತಿತ್ತು. ಅದರ ಬೇರು ನೋಡಿದೆ. ದುಂಡಸಿ! ಅಲ್ಲಿಗೆ ನನ್ನ ಬಾಯಲ್ಲಿದ್ದ ಖಾರ ರುಚಿ ಕೆಟ್ಟಿತು.

ಅಣ್ಣ “ಮುಗೀತು” ಎಂದ. ಹುಡುಗಿ ನಾನು ಸವಣೂರಿನಿಂದ ಬರೆದು ತಂದದ್ದನ್ನೂ ಸೇರಿಸಿ ಮೂರೂ ವೃಕ್ಷಗಳನ್ನು ಹರಡಿಕೊಂಡು ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಕೇಳಿದಳು, “ಕಾಕಾ, ಇದರಾಗ ಒಬ್ಬಾಕಿರೆ ಹೆಣ್ಮಗಳು ಅದಾಳೇನ್ರಿ?”

ಇರಲಿಲ್ಲ. ನಮ್ಮ ವಂಶ ಗಂಡಸರಿಂದ ಗಂಡಸರಿಗೇ ಹುಟ್ಟಿ ಬಂದಂತಿತ್ತು. ನಮ್ಮಪ್ಪನ ಅಕ್ಕ ಹಿರೇಕೆರೂರಿನಲ್ಲಿ ಗಟ್ಟಿಮುಟ್ಟಾಗಿದ್ದರೂ, ಲಗ್ನವಾಗಿ ಹೋದವರೆಂದು ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮರುದಿನವೇ ಹುಡುಗಿ ನನ್ನನ್ನು ಕರೆದುಕೊಂಡು ಹಿರೇಕೆರೂರಿನ ಬಸ್ ಹತ್ತಿದಳು.

ಅತ್ತೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಈ ಗಿಡದಾಗ ನಾ ಯಾವ ಟೊಂಗಿ ಮ್ಯಾಲ ಕುಂತೇನಪಾ?” ಎಂದರು. ನಾನು ಚಹಾ ಕುಡಿದೆ. “ಹೋಗ್ಲಿ ಬಿಡು. ನಿಮ್ಮಜ್ಜ ಯಾವಾಗ ಅಂಗಡಿ ಇಟ್ಟಿದ್ದ?”

“ಅಡ್ಡಹೆಸರ ಅಂಗಡಿ ಐತೆಲ್ರಿ, ಅತ್ತಿ.”

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗಲು ಶುರು ಮಾಡಿದವರು ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ನಿಲ್ಲಿಸಿದ ಮೇಲೆ ಹೇಳಿದರು: “ನಮ್ಮವ್ವ ಗಂಡನ ಹೆಸರು ಹೇಳ್ತಿದ್ದಿಲ್ಲ. ಆಗಿನ ಕಾಲದಾಗ ಯಾರೂ ಹೇಳ್ತಿದ್ದಿಲ್ಲ. ನಿಮ್ಮಪ್ಪನ್ನ ಸಾಲಿಗೆ ಹಚ್ಚಾಕ ಹೋದಾಗ ಮಾಸ್ತರ್ರು, ‘ಯಜಮಾನರ ಹೆಸರೇನವ್ವಾ?’ ಅಂದ್ರು. ಅವ್ವ ಸೆರಗು ಬಾಯಿಗೆ ಹಿಡಕೊಂಡು, ‘ಅಂಗಡ್ಯಾಗ ಕುಂತಾರ್ರಿ’ ಅಂದ್ಲು. ಹೋಗಿ ಅವರನ್ನ ಕೇಳ್ರಿ ಅಂತ ಆಕಿ ಮಾತು. ಮಾಸ್ತರ್ರು ಅಡ್ಡಹೆಸರು ಅಂಗಡಿ ಅಂತ ಬರಕೊಂಡ್ರು. ಮುಂದ ನಿಮ್ಮ ಕಾಕಗೂ ಅದ ಹೆಸರು ಬಿತ್ತು. ನಾ ಅಲ್ಲೇ ಅವ್ವನ ಕೈ ಹಿಡಕೊಂಡು ನಿಂತಿದ್ದೆ.”

“ಹಂಗಾದ್ರ ಅಜ್ಜ ಅಂಗಡ್ಯಾಗ ಏನ್ ಮಾಡ್ತಿದ್ದರಿ?”

“ಏನೂ ಮಾಡ್ತಿದ್ದಿಲ್ಲ. ದುಂಡಸ್ಯಾಗ ಖರೇ ಅಂಗಡ್ಯಾರ ಕಟ್ಟಿ ಮ್ಯಾಲ ಕುಂತು ಹರಟಿ ಹೊಡೀತಿದ್ದ.”

ಹುಡುಗಿ ಅತ್ತೆಯನ್ನು ತಬ್ಬಿಕೊಂಡು ಅಳತೊಡಗಿದಳು. ನಾವು ಅಂಗಡಿಯವರೇ ಅಲ್ಲ ಎಂದಮೇಲೆ ಹುಡುಗ ಅವಳಿಗೆ ಅಣ್ಣನಾಗುವ ಮಾತೇ ಇರಲಿಲ್ಲ. ಅಡ್ಡಹೆಸರು ನೋಡಿ ಸಿಕ್ಕ ಸಿಕ್ಕ ಅಂಗಡಿಯವರನ್ನೆಲ್ಲ ವೃಕ್ಷದಲ್ಲಿ ನಮ್ಮ ಅಜ್ಜನ ಮೇಲೆ ಏರಿಸಿದ್ದೇ ತಪ್ಪಾಗಿತ್ತು. ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಎಲ್ಲ ಕೇಳಿ, “ಹಂಗಾದ್ರ ನಮ್ಮ ಖರೇ ಅಡ್ಡಹೆಸರೇನಂತ?” ಎಂದ.

ಅತ್ತೆ ಫೋನ್ ಇಸಿದುಕೊಂಡು, “ಉಳ್ಳಾಗಡ್ಡಿ” ಎಂದರು. ಅಂದರೆ ಈರುಳ್ಳಿ.

“ಬ್ಯಾರೆ ಏನರ ಇಲ್ಲೇನ್ರಿ?” ಎಂದು ಅಣ್ಣ ಕೇಳಿದ್ದು ನನಗೂ ಕೇಳಿಸಿತು.

ಸವಣೂರಿನಲ್ಲಿ ಹುಡುಗನ ಅಜ್ಜಿಗೆ ವಿಷಯ ಹೇಳಿದೆವು. “ಅಯ್ಯ, ನಮ್ಮತ್ತಿ ಹೇಳ್ತಿದ್ಲು, ದುಂಡಸ್ಯಾಗ ಉಳ್ಳಾಗಡ್ಡ್ಯಾರ ಒಬ್ಬಾಂವ ದಿನಾ ನಮ್ಮ ಅಂಗಡಿ ಕಟ್ಟಿಗೆ ಬಂದು ಕುಂತು ಡಬ್ಬ್ಯಾಗಿನ ಪುಠಾಣಿ ಎಲ್ಲಾ ತಿಂದು ಹೋಗ್ತಿದ್ದ ಅಂತ. ಅಂವ ನಿಮ್ಮಾಂವ ಏನು?” ಎಂದು ಕೇಳಿದರು. ಹೌದೆಂದು ನಾವು ಹೆಮ್ಮೆಯಿಂದ ಒಪ್ಪಿಕೊಂಡೆವು. ಲಗ್ನ ಗಟ್ಟಿಯಾಯಿತು.

ಲಗ್ನದ ದಿನ ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹುಡುಗಿಯನ್ನು ಕಾಡಿದರು. ಅವಳು ಅತ್ತೆಯ ಕಡೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು, “ಅಂಗಡ್ಯಾಗ ಕುಂತಾರ್ರಿ” ಎಂದಳು.

ಅತ್ತೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದರು, “ನಮ್ಮ ಮನಿ ಹೆಣ್ಮಗಳು ಹಂಗಂದದ್ದು ಈಗ ಖರೇ ಆತು ನೋಡಪಾ.”