ಒಂದರ ಕೀಲಿ

ನನ್ನ ಬೆರಳುಗಳಿಗೆ ಕಣ್ಣಿದೆ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ನಂಬಿ ಬೀಗುತ್ತಿದ್ದೆ. ಮಂಗಳೂರಿನಲ್ಲಿ ಗೇರುಬೀಜ ರಫ್ತು ಮಾಡುವ ನಮ್ಮ ಕಚೇರಿಯಲ್ಲಿ ನನಗಿಂತ ವೇಗದ ಟೈಪಿಸ್ಟ್ ಇರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಅದಕ್ಕೆ ಎ.ಸಿ. ಕೋಣೆ, ನಮಗೆ ಸೆಕೆ. ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು. ದೇವಸ್ಥಾನದಲ್ಲಾದರೆ ಪ್ರಸಾದವಾದರೂ ಸಿಗುತ್ತದೆ ಎಂದು ಗೊಣಗಿಕೊಂಡೆ.

ಆ ಕೋಣೆಗೆ ಒಬ್ಬರು ಸಾಕು, ಉಳಿದವರ ವಿಷಯ ಆಮೇಲೆ ನೋಡುವ ಎಂದರು ಮ್ಯಾನೇಜರ್. ಆ 'ಆಮೇಲೆ' ನನ್ನನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಟೈಪಿಂಗ್ ಬಿಟ್ಟರೆ ನನಗೆ ಬೇರೆ ವಿದ್ಯೆಯೇ ಇರಲಿಲ್ಲ.

ಪರೀಕ್ಷೆಗೆ ಒಂದು ಬಿಲ್ ಕೊಟ್ಟರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೊಡೆದು ಮುಗಿಸಿದೆ. ಮೆಷಿನು ಕೀಂಯ್ ಎಂದಿತು, ಮೊತ್ತ ಕೂಡಿಸಲಿಲ್ಲ. ಮತ್ತೆ ಹೊಡೆದೆ, ಮತ್ತೆ ಕೀಂಯ್. ನಮ್ಮ ಹಳೆಯ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ 'ಎಲ್' ಒತ್ತಿದರೆ ಅದೇ ಒಂದು. ವರ್ಷಗಟ್ಟಲೆ ಕಾಗದ ಅದನ್ನು ಒಪ್ಪಿಕೊಂಡಿತ್ತು, ಕಂಪ್ಯೂಟರ್ ಒಪ್ಪಲಿಲ್ಲ. ಒಂದರ ಕೀಲಿ ಮೇಲಿನ ಸಾಲಿನಲ್ಲಿದೆ ಎಂದು ತೋರಿಸಿಕೊಟ್ಟರೂ ನನ್ನ ಉಂಗುರ ಬೆರಳು ಎಲ್‌ಗೇ ಓಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅಷ್ಟೇ ಎಂದು ಅಂದು ಗೊತ್ತಾಯಿತು.

ಆಯ್ಕೆಯಾದದ್ದು ಟೈಪಿಂಗ್ ಕಲಿಯದೇ ಇದ್ದ ಒಬ್ಬ ಗುಮಾಸ್ತ. ಕೋಳಿ ಭತ್ತ ಹೆಕ್ಕುವ ಹಾಗೆ ಎರಡೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರೂ, ಒಂದಕ್ಕೆ ಒಂದನ್ನೇ ಒತ್ತಿದ್ದ. ನನಗೆ ಹೊಟ್ಟೆ ಉರಿಯಿತು.

"ನೀವು ಬೇಜಾರು ಮಾಡ್ಬೇಡಿ," ಎಂದರು ಮ್ಯಾನೇಜರ್. "ಪತ್ರ ಟೈಪ್ ಮಾಡ್ಲಿಕ್ಕೆ ಸದ್ಯಕ್ಕೆ ನೀವು ಬೇಕಲ್ಲ."

ಸದ್ಯಕ್ಕೆ! ಸಂಜೆ ಮನೆಗೆ ಹೋಗುವ ಕುಲಶೇಖರದ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಹಂಪನಕಟ್ಟೆಯ ಟೈಪಿಂಗ್ ಕ್ಲಾಸಿನತ್ತ ಬಿರಬಿರನೆ ನಡೆದೆ. ನಾನು ಕಲಿತದ್ದು ಅಲ್ಲೇ, ಈಗ ನನ್ನ ತಂಗಿಯೂ ಅಲ್ಲೇ ಕಲಿಯುತ್ತಿದ್ದಳು. ಟೈಪಿಂಗ್ ಬಂದರೆ ಅನ್ನಕ್ಕೆ ಮೋಸವಿಲ್ಲ, ಅಕ್ಕನ ಹಾಗೆಯೇ ಆಗಲಿ ಎಂದು ಅಮ್ಮ ಸೇರಿಸಿದ್ದರು.

ನನ್ನನ್ನು ಕಂಡು ಅವಳ ಮುಖ ಅರಳಿತು. "ಅಕ್ಕಾ, ನೋಡು, ಈಗ ಕೀಲಿ ನೋಡದೆ ಹೊಡೀತೇನೆ. ನಿನ್ನ ಹಾಗೆ!"

ಕಣ್ಣು ಮುಚ್ಚಿಕೊಂಡು ಅಂದಿನ ತಾರೀಕು ಹೊಡೆಯತೊಡಗಿದಳು. ಒಂದು ಬಂದಾಗ ಉಂಗುರ ಬೆರಳು ತಡವರಿಸದೆ ಎಲ್ ಮೇಲೆ ಬಿತ್ತು. ಅವಳ ಕೈ ಹಿಡಿದುಬಿಟ್ಟೆ.

"ಎಂತಾಯ್ತು? ತಪ್ಪುಂಟಾ?" ಎಂದಳು.

"ತಪ್ಪಿಲ್ಲ," ಎಂದೆ. ಹಿಡಿದ ಕೈ ಬಿಡಲಾಗಲಿಲ್ಲ.