ಹಿಂದಿನ ಸೀಟಿನಿಂದ ಕಂಡ ಕಾರು

ನಮ್ಮ ಮನೆಯಲ್ಲಿ ಕಾರು ನೋಡುವುದೆಂದರೆ ಗಂಡಸರು ನೋಡುವುದು. ಹೆಂಗಸರು ಹಿಂದಿನ ಸೀಟಿನಲ್ಲಿ ಕೂತು ಸೀಟು ಮೆತ್ತಗಿದೆ ಅನ್ನಬೇಕು, ಅಷ್ಟೇ. ಆ ಕಾರನ್ನು ಓಡಿಸಬೇಕಾದವಳು ನಾನು. ದುಡ್ಡು ನನ್ನ ಸಂಬಳದ್ದು. ಅದರಲ್ಲಿ ದಿನಾ ಮಧುಗಿರಿಯಿಂದ ಪಾವಗಡದ ಆಚೆ ಶಾಲೆಗೆ ಹೋಗಿ ಬರಬೇಕಾದವಳೂ ನಾನೇ. ಆದರೂ ಶಿರಾಕ್ಕೆ ಕಾರು ನೋಡಲು ಹೊರಟ ಆ ಭಾನುವಾರ ನನ್ನ ಜಾಗ ಹಿಂದೆ, ಅತ್ತೆಯವರ ಪಕ್ಕದಲ್ಲಿ ಎಂದು ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಗಿತ್ತು.

ಕಾರಿನ ಮಾತು ಹುಟ್ಟಿದ್ದು ಬಸ್ಸಿನಿಂದ. ನನ್ನ ಶಾಲೆ ಕ್ಯಾತಗಾನಚೆರ್ಲು ಕಡೆಯ ಒಂದು ಹಳ್ಳಿಯಲ್ಲಿದೆ. ತರಗತಿಯ ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಸೋಲಾರ್ ಪ್ಲೇಟುಗಳೇ. ಬೆಳಿಗ್ಗೆ ಮಧುಗಿರಿಯಲ್ಲಿ ಬಸ್ಸು ಹತ್ತಿ ಪಾವಗಡದಲ್ಲಿ ಇಳಿದು, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಹೆಂಗಸರ ನಡುವೆ ಆಟೊದಲ್ಲಿ ಒತ್ತಿಕೊಂಡು ಕೂತು ಶಾಲೆ ಸೇರುತ್ತಿದ್ದೆ. ಸಂಜೆ ಅದೇ ಹಾದಿ ವಾಪಸು. ಒಮ್ಮೆ ಬಸ್ಸು ಮಿಡಿಗೇಶಿ ಹತ್ತಿರ ಕೆಟ್ಟು ನಿಂತು ನಾನು ಕತ್ತಲಾದ ಮೇಲೆ ಮನೆ ಸೇರಿದಾಗ ದೊಡ್ಡ ಪಂಚಾಯಿತಿಯೇ ಆಯಿತು. ನನ್ನ ಗಂಡನ ಅಣ್ಣ, ನಾನು ಭಾವ ಎನ್ನುವವರು, ಕೊರಟಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮಾವನವರು ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವರದು. ಅವರು ತೀರ್ಪು ಕೊಟ್ಟರು. ಒಂದು ಹಳೇ ಕಾರು ತೆಗೆದುಕೊಳ್ಳೋಣ, ನಾನೇ ನೋಡಿ ಆರಿಸುತ್ತೇನೆ, ಅದೂ ದಾರಿಯಲ್ಲಿ ಕೈಕೊಟ್ಟರೆ ಇವಳು ಕೆಲಸ ಬಿಟ್ಟು ಮನೆಯಲ್ಲಿರಲಿ ಎಂದರು. ನನ್ನ ಗಂಡ ಸರಿ ಅಣ್ಣ ಅಂದರು. ಅಣ್ಣನ ಮುಂದೆ ಅವರಿಗೆ ಬರುವ ಮಾತು ಅದೊಂದೇ.

ಹೀಗೆ ನನ್ನ ಕೆಲಸ ಇನ್ನೂ ಕಣ್ಣಿಗೆ ಬೀಳದ ಒಂದು ಹಳೇ ಕಾರಿನ ಮೇಲೆ ನಿಂತಿತು. ಹೊತ್ತು ಸಿಕ್ಕಾಗಲೆಲ್ಲ, ಮುದ್ದೆಗೆ ನೀರಿಟ್ಟು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಹಳೇ ಕಾರು ನೋಡುವುದು ಹೇಗೆ ಎಂಬ ವಿಡಿಯೊಗಳನ್ನು ನೋಡತೊಡಗಿದೆ. ಮೀಟರು ಕಡಿಮೆ ತೋರಿಸಿ ಪೆಡಲಿನ ರಬ್ಬರು ಸವೆದಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಎದ್ದಿದ್ದರೆ ಗಾಡಿ ಎಲ್ಲೋ ಗುದ್ದಿಸಿಕೊಂಡಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು, ನೀರಿನಲ್ಲಿ ಮುಳುಗಿದ ಗಾಡಿಯಾದರೆ ಸುರುಳಿಯ ಒಳಗಿನ ಪಟ್ಟಿಯಲ್ಲಿ ಕೆಸರು ಹಾಗೇ ಉಳಿದಿರುತ್ತದೆ. ಇದನ್ನೆಲ್ಲ ಗಂಡನಿಗೆ ಹೇಳಿದೆ. ಅಣ್ಣನಿಗೆ ಎಲ್ಲ ಗೊತ್ತಿರುತ್ತದೆ ಬಿಡು ಅಂದರು. ಅಣ್ಣನಿಗೆ ಚೆನ್ನಾಗಿ ಗೊತ್ತಿದ್ದದ್ದು ಯೂರಿಯಾ ಮೂಟೆ.

ಇನ್ನು ಅತ್ತೆಯವರು ಹಿಂದಿನ ದಿನವೇ ಹಿತ್ತಲಿನ ಗಿಡದಿಂದ ನಾಲ್ಕು ನಿಂಬೆಹಣ್ಣು ಕಿತ್ತು ದೇವರ ಮುಂದೆ ಇಟ್ಟಿದ್ದರು. ನಮ್ಮ ಮನೆಗೆ ಯಾವ ಗಾಡಿ ಬಂದರೂ ಮೊದಲು ಗುಡಿಯ ಮುಂದೆ ನಿಲ್ಲಿಸಿ, ಒಂದೊಂದು ಚಕ್ರದ ಕೆಳಗೂ ಒಂದೊಂದು ಹಣ್ಣಿಟ್ಟು ಹತ್ತಿಸಬೇಕು. ಅಂಗಡಿಯ ಹಣ್ಣು ನಡೆಯುವುದಿಲ್ಲ, ಒಂದು ರಾತ್ರಿ ಮನೆದೇವರ ಮುಂದೆ ಇದ್ದದ್ದೇ ಆಗಬೇಕು. ಈ ವಿಷಯದಲ್ಲಿ ಭಾವನವರು ಬಹಳ ಕಟ್ಟುನಿಟ್ಟು. ನನ್ನ ಗಂಡ ಸ್ಕೂಟರು ತಂದಾಗ ಅಂಗಡಿ ಹಣ್ಣು ಇಟ್ಟಿದ್ದರು ಎಂಬುದನ್ನು ಆಮೇಲೆ ಆದ ಪ್ರತಿಯೊಂದು ಪಂಕ್ಚರಿಗೂ ಎತ್ತಿ ಆಡಿದ್ದಾರೆ. ಹಣ್ಣು ಹತ್ತಿಸಿದ ಮೇಲೆ ಗಾಡಿ ಮನೆಯದಾಯಿತು. ವಾಪಸು ಕೊಟ್ಟರೆ ಮನೆಗೆ ಆಗಿಬರುವುದಿಲ್ಲ.

ಶಿರಾದಲ್ಲಿ ಕಾರು ಮಾರುವವರು ಭಾವನವರ ಜೊತೆ ಹೈಸ್ಕೂಲು ಓದಿದವರು. ಬಸ್ಸಿಳಿದು ಹೋದ ನಮಗೆಲ್ಲ ಟೀ ತರಿಸಿದರು. ಕಾರು ಬಿಳಿಯದು, ಥಳಥಳ ಹೊಳೆಯುತ್ತಿತ್ತು. ಬೆಂಗಳೂರಿನ ಗಾಡಿ, ಒಬ್ಬರೇ ಓಡಿಸಿದ್ದು ಅಂದರು. ಭಾವನವರು ಟೈರಿಗೆ ಒದ್ದರು, ಇಂಜಿನ್ ಸದ್ದು ಕೇಳಿದರು, ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರು, ಏಸಿಯ ಮುಂದೆ ಅಂಗೈ ಹಿಡಿದು ಮುಖ ಅರಳಿಸಿದರು. ನಮ್ಮ ಕಡೆಯವರು ಗಾಡಿಯಲ್ಲಿ ನೋಡುವುದು ಬಿಸಿಲು ತಡೆಯುತ್ತದೆಯೇ ಎಂಬುದನ್ನು. ಒಂದು ಹದ ಮಳೆಗಾಗಿ ಆಕಾಶ ನೋಡುತ್ತ ಕೂರುವ ಜನಕ್ಕೆ ನೀರಿನಿಂದಲೂ ಒಂದು ವಸ್ತು ಹಾಳಾಗಬಹುದು ಎಂದು ಹೊಳೆಯುವುದೇ ಇಲ್ಲ. ನಾನು ಬಾನೆಟ್ಟಿನ ಹತ್ತಿರ ಹೋಗಿ ಬಗ್ಗುವಷ್ಟರಲ್ಲಿ, ಬಿಸಿಲು, ನೀನು ಒಳಗೆ ಕೂತ್ಕೊಳಮ್ಮ ಅಂದರು ಭಾವ. ಗದರಿಸಲಿಲ್ಲ, ಪ್ರೀತಿಯಿಂದಲೇ ಅಂದರು. ಪ್ರೀತಿಯಿಂದ ಅಂದದ್ದಕ್ಕೆ ಎದುರಾಡುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಹೋಗಿ ಕೂತೆ. ಅತ್ತೆಯವರೂ ಪೂಜೆಯ ಚೀಲ ಎದೆಗವಚಿಕೊಂಡು ಪಕ್ಕದಲ್ಲಿ ಕೂತರು. ಮಾರುವವರು ಬಾಗಿಲು ಹಾಕಿ, ಮಧುಗಿರಿ ರಸ್ತೆಯ ಬಸವಣ್ಣನ ಗುಡಿಯಲ್ಲಿ ಪೂಜೆ ಮಾಡಿಸಿಕೊಂಡು ಬನ್ನಿ, ಕಾಗದಪತ್ರ ಆಮೇಲೆ ಎಂದು ಬೀಗದಕೈ ಕೊಟ್ಟರು.

ಭಾವನವರು ಓಡಿಸಿದರು, ನನ್ನ ಗಂಡ ಪಕ್ಕದಲ್ಲಿ. ಮುಂದಿನವರಿಬ್ಬರೂ ಪಿಕಪ್ಪು ಹೊಗಳುತ್ತಿದ್ದಾಗ ನಾನು ಹಿಂದೆ ಮೂಸಿ ನೋಡುತ್ತಿದ್ದೆ. ಸೆಂಟಿನ ಘಾಟಿನ ಕೆಳಗೆ ಇನ್ನೊಂದು ವಾಸನೆಯಿತ್ತು, ಒದ್ದೆಯಾಗಿ ಒಣಗದೆ ಉಳಿದ ಗೋಣಿಚೀಲದ ವಾಸನೆ. ಬೆಲ್ಟು ಎಳೆದೆ. ಅರ್ಧ ಸರಾಗವಾಗಿ ಬಂತು, ಆಮೇಲೆ ಬಿಗಿಯಿತು. ಜಗ್ಗಿದೆ. ಒಳಗಿನ ಪಟ್ಟಿಯ ಮೇಲೆ ಬೂದು ಬಣ್ಣದ ಗೆರೆ, ಉಗುರಿನಿಂದ ಕೆರೆದರೆ ಒಣಗಿದ ಮಣ್ಣು ಉದುರಿತು. ನಮ್ಮ ಸೀಮೆಯ ಮಣ್ಣು ಕೆಂಪು, ಇದು ನಮ್ಮದಲ್ಲ. ಕಿಟಕಿಯ ಗುಂಡಿ ಒತ್ತಿದೆ, ಗಾಜು ಅಲುಗಲಿಲ್ಲ. ಬಾಗಿಲಿನ ಒಳಗಿನ ಹಿಡಿ ಎಳೆದೆ. ಅದು ಸತ್ತ ಓತಿಕೇತದ ಬಾಲದ ಹಾಗೆ ಕೈಗೆ ಜೋತುಬಿತ್ತು. ಅತ್ತೆಯವರ ಕಡೆಯದೂ ಹಾಗೇ. ಮಕ್ಕಳ ಲಾಕು ಬಿದ್ದಿರಬೇಕೆಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಹಿಡಿಯೊಳಗಿನ ಸ್ಪ್ರಿಂಗು ತುಕ್ಕು ತಿಂದು ಕಾಣುತ್ತಿತ್ತು. ಈ ಗಾಡಿ ಯಾವುದೋ ಮಳೆಯಲ್ಲಿ ಕತ್ತಿನವರೆಗೆ ಮುಳುಗಿ ಎದ್ದಿದೆ ಎಂದು ನನಗೆ ಖಾತ್ರಿಯಾಯಿತು.

ಯಾಕಂಗೆ ಎಳೀತಿದೀಯ ಎಂದು ಅತ್ತೆ ಕೇಳಿದರು. ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ ಅಂದೆ.

"ನಾನು ಈ ಮನೆಗೆ ಬಂದಾಗ್ಲಿಂದ ಕಾರಿನ ಬಾಗ್ಲು ನಾನೇ ತೆಗ್ದಿದ್ದಿಲ್ಲ ಕಣಮ್ಮ," ಅಂದರು ಅತ್ತೆ. "ಯಾರಾದ್ರು ಬಂದು ತೆಗೀತಾರೆ, ಬುಡು."

ಈ ಕಾರು ಬೇಡ ಅಂದರೆ ಭಾವನವರ ಆಯ್ಕೆಗೆ, ಅವರ ಸ್ನೇಹಿತರ ಟೀಗೆ ಅವಮಾನ. ಇನ್ನೊಂದು ಕಾರಿನ ಮಾತು ಈ ಜನ್ಮದಲ್ಲಿ ಎತ್ತುವ ಹಾಗಿಲ್ಲ, ಮತ್ತೆ ಬಸ್ಸು, ಬಸ್ಸು ಮತ್ತೊಮ್ಮೆ ಕೆಟ್ಟರೆ ಕೆಲಸ ಹೋಯಿತು. ಬೇಕು ಅಂದರೆ ಇದು ಇಂದಲ್ಲ ನಾಳೆ ಪಾವಗಡದ ರಸ್ತೆಯಲ್ಲಿ ಕೈಕೊಡುವುದು ನಿಶ್ಚಯ, ಆಗಲೂ ಕೆಲಸ ಹೋಯಿತು. ಮುಂದೆ ಇಬ್ಬರೂ ನಗುತ್ತಿದ್ದರು. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಏಸಿ ಜಾಸ್ತಿ ಆಯ್ತಾ ಎಂದು ಗಂಡ ಕೇಳಿದರು.

ಗುಡಿಯ ಮುಂದೆ ಬಯಲಿನಲ್ಲಿ ಕಾರು ನಿಂತಿತು. ಪೂಜಾರಪ್ಪ ಕಾಣಲಿಲ್ಲ. ಅವರ ಮನೆ ಊರೊಳಗೆ, ಕರೆದುಕೊಂಡು ಬರೋಣ ಎಂದು ಭಾವನವರು ಇಂಜಿನ್ ಆರಿಸಿ ಇಳಿದರು. ಗಂಡನೂ ಇಳಿದರು. ಬಾಗಿಲು ಮುಚ್ಚಿ, ಹೊರಗಿನಿಂದ ಬೀಗದಕೈಯ ಗುಂಡಿ ಒತ್ತಿ ಬೀಗ ಹಾಕಿ ಹೋದರು. ನಮ್ಮನ್ನು ಕೂಡಿಹಾಕಬೇಕೆಂದೇನಲ್ಲ. ನಾವಿದ್ದೇವೆ ಎಂಬುದೇ ಅವರ ತಲೆಯಲ್ಲಿರಲಿಲ್ಲ, ಅಷ್ಟೇ. ಗಂಡನಿಗೆ ಫೋನು ಮಾಡಿದೆ. ಅದು ಮುಂದಿನ ಸೀಟಿನ ಹತ್ತಿರ ಚಾರ್ಜಿಗೆ ಹಾಕಿದ ಕಡೆಯೇ ಬಡಿದುಕೊಂಡಿತು. ಭಾವನವರಿಗೆ ಮಾಡಿದೆ, ಎತ್ತಲಿಲ್ಲ.

ಏಸಿಯ ತಂಪು ಇಳಿದು ಕಾರು ಕಾಯತೊಡಗಿತು. ಸೀಟುಗಳ ನಡುವೆ ನುಸುಳಿ ಮುಂದಕ್ಕೆ ಹೋಗುತ್ತೇನೆ ಎಂದು ಸೀರೆ ಎತ್ತಿಕಟ್ಟಿದೆ. ಎದುರಿಗೆ ಟೀ ಅಂಗಡಿ, ಬೆಂಚಿನ ತುಂಬ ಗಂಡಸರು. ಅತ್ತೆ ನನ್ನ ಸೆರಗು ಹಿಡಿದುಕೊಂಡರು. ಜನ ನೋಡ್ತಾವ್ರೆ, ಕುಂತ್ಕ, ಬತ್ತಾರೆ ಅಂದರು. ಕೂತೆ. ಕೂತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೇ ತಮ್ಮ ಕಡೆಯ ಹಿಡಿಯನ್ನು ಒಮ್ಮೆ ಎಳೆದರು, ನಾನು ನೋಡುತ್ತಿಲ್ಲ ಅಂದುಕೊಂಡು. ಆಮೇಲೆ ನಾನು ನೋಡುತ್ತಿದ್ದೇನೆ ಎಂದು ಗೊತ್ತಿದ್ದೇ ಎರಡು ಕೈಯಲ್ಲೂ ಎಳೆದರು. ಬಳೆಗಳಿಂದ ಗಾಜು ಬಡಿದರು. ಟೀ ಅಂಗಡಿಯವರು ಯಾರೂ ತಿರುಗಲಿಲ್ಲ. ಅತ್ತೆಯವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಭಯ ಕಂಡಿತು.

"ಹೋಗಮ್ಮ," ಅಂದರು, ಸೆರಗು ಬಿಟ್ಟು. "ಯಾರ್ ನೋಡಿದ್ರೆ ಏನು, ಹೋಗು."

ನಾನು ಸೀಟುಗಳ ನಡುವೆ ಮುಂದಕ್ಕೆ ಬಿದ್ದು ಹಾರನ್ನಿನ ಮೇಲೆ ಕೈ ಒತ್ತಿ ಹಿಡಿದೆ. ಅದು ಮಾತ್ರ ಕೆಟ್ಟಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಎದ್ದರು. ಊರ ಕಡೆಯಿಂದ ಪೂಜಾರಪ್ಪನ ಜೊತೆ ಬರುತ್ತಿದ್ದ ಗಂಡ ಓಡಿಬಂದರು. ಭಾವನವರು ನಡೆದುಕೊಂಡೇ ಬಂದು ಬೀಗ ತೆಗೆದರು. ಸ್ವಲ್ಪ ಹೊತ್ತು ಕೂರಲಾಗಲ್ಲವೇ ಎಂದು ನಗುತ್ತಲೇ ಕೇಳಿದರು.

ನಾನು ಇಳಿದು ಎಲ್ಲವನ್ನೂ ಹೇಳಿದೆ. ಬೆಲ್ಟು ಎಳೆದು ತೋರಿಸಿದೆ, ಉಗುರಿನಲ್ಲಿದ್ದ ಮಣ್ಣು ತೋರಿಸಿದೆ, ಜೋತುಬಿದ್ದ ಹಿಡಿ ತೋರಿಸಿದೆ. ಇದು ನೀರಿನಲ್ಲಿ ಮುಳುಗಿದ ಗಾಡಿ ಭಾವ, ದಾರಿಯಲ್ಲಿ ನಿಲ್ಲುತ್ತದೆ ಅಂದೆ. ನನ್ನ ಧ್ವನಿ ನಡುಗುತ್ತಿತ್ತು, ಅದು ಅಳುವೆಂದು ಅವರು ತಿಳಿದರು. ನಿಜಕ್ಕೂ ಅದು ಕೋಪ.

"ಮುಳುಗಕ್ಕೆ ನಮ್ ಸೀಮೇಲಿ ನೀರಾದ್ರು ಎಲ್ಲೈತಮ್ಮ?" ಅಂದರು ಭಾವ. "ಬಾಗ್ಲು ಹೊರಗ್ನಿಂದ ತೆಗೀತದಲ್ಲ, ಯಾರಾದ್ರು ಇಳ್ದು ತೆಗುದ್ರಾಯ್ತು."

ಗಂಡನ ಮುಖ ನೋಡಿದೆ. ಅವರು ಟೈರು ನೋಡುತ್ತಿದ್ದರು. ಪೂಜಾರಪ್ಪ ಕಾಯಿ ಒಡೆಯಲು ಸಿದ್ಧರಾಗಿ, ನಿಂಬೆಹಣ್ಣು ಕೊಡಿ ಅಂದರು. ಮುಗಿಯಿತು ಅಂದುಕೊಂಡೆ. ಭಾವನವರು ಹಿಂದಿನ ಬಾಗಿಲಿಗೆ ಬಗ್ಗಿ, ಇನ್ನೂ ಒಳಗೇ ಕೂತಿದ್ದ ಅತ್ತೆಯವರ ಮುಂದೆ ಕೈ ಚಾಚಿದರು.

ಅತ್ತೆಯವರು ಮುಖ ಒರೆಸಿಕೊಂಡು, ಚೀಲದ ಬಾಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಂದರು, "ಹಣ್ಣು ದೇವರ ಮುಂದೇ ಬುಟ್ ಬಂದ್ಬುಟ್ಟೆ ಕಣ್ಲಾ. ಮರ್ತೋಯ್ತು."

ಆ ಬೆಳಿಗ್ಗೆ ನಾಲ್ಕೂ ಹಣ್ಣುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದವಳು ನಾನು. ಈಗಲೂ ಚೀಲದ ಮೂಲೆಯಲ್ಲಿ ಅವು ಉಬ್ಬಿಕೊಂಡು ಕಾಣುತ್ತಿದ್ದವು. ಎದುರಿನ ಅಂಗಡಿಯಲ್ಲಿ ಸಿಗುತ್ತವೆ ಎಂದು ಪೂಜಾರಪ್ಪ ಅಂದರು. ಅಂಗಡಿ ಹಣ್ಣು ನಮ್ಮ ಮನೆಯಲ್ಲಿ ಇಡುವುದಿಲ್ಲ, ಇವನನ್ನೇ ಕೇಳಿ ಎಂದು ಅತ್ತೆ ಹಿರಿಯ ಮಗನ ಕಡೆ ಕೈ ತೋರಿಸಿದರು. ಭಾವನವರು ಅಂಗಡಿಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದರು. ಸ್ಕೂಟರಿನ ಎಲ್ಲ ಪಂಕ್ಚರುಗಳೂ ಅವರ ಬಾಯಿಗೆ ಅಡ್ಡ ಬಂದಿರಬೇಕು. ಹೊರಟು ಬಂದ ಕೆಲಸಕ್ಕೆ ಮರೆವು ಅಡ್ಡಬಂದರೆ ಅದೂ ಒಳ್ಳೆಯದಲ್ಲ ಎಂದು ಪೂಜಾರಪ್ಪ ಸೇರಿಸಿದರು. ಭಾವನವರು ಪೂಜೆ ಬಿಟ್ಟು ಬೀಗದಕೈ ಕೈಗೆ ತೆಗೆದುಕೊಂಡರು.

ವಾಪಸು ಹೊರಡುವಾಗ ಅತ್ತೆ ಮುಂದಿನ ಸೀಟಿಗೆ ಹೋಗಿ ಕೂತರು. ಬೇಕಾದರೆ ನೀನು ಹಿಂದೆ ಕೂತ್ಕೊ ಎಂದು ನನ್ನ ಗಂಡನಿಗೆ ಹೇಳಿದರು. ಶಿರಾ ಮುಟ್ಟುವವರೆಗೆ ಗಂಡ ನನ್ನ ಪಕ್ಕದಲ್ಲಿ ಕೂತು ಆ ಹಿಡಿಯನ್ನು ಸುಮ್ಮನೆ ಎಳೆದು ಬಿಡುತ್ತಿದ್ದರು. ಒಂದು ಸಲ ನನ್ನ ಕಡೆ ನೋಡಿದರು. ನಾನು ಹೇಳಬೇಕಾದ್ದು ಅವರ ಕೈಯಲ್ಲೇ ಇತ್ತು.

ಕಾರು ನಿಂತಿತು. ಅತ್ತೆ ಹಿಡಿಗಾಗಿ ತಡಕಾಡಿದರು. ಗಾಜಿನ ಗುಂಡಿ ಒತ್ತಿದರು, ಬಾಗಿಲಿನ ಜೇಬಿಗೆ ಕೈ ಹಾಕಿದರು. ಭಾವನವರು ತೆಗೆಯಲು ಬಾಗಿದರೆ ಅವರ ಕೈಯನ್ನು ಪಕ್ಕಕ್ಕೆ ಸರಿಸಿದರು. ಕೊನೆಗೆ ಹಿಡಿ ಸಿಕ್ಕಿತು. ಇಳಿದರು, ಮಂಡಿ ನೋವಿಗೆ ಬಾಗಿಲನ್ನೇ ಹಿಡಿದು ಒಂದು ಗಳಿಗೆ ನಿಂತರು, ಆಮೇಲೆ ಹಿಂದಕ್ಕೆ ಬಂದು ಹೊರಗಿನಿಂದ ನನ್ನ ಬಾಗಿಲು ತೆಗೆದರು.

ಪೂಜೆ ಚೆನ್ನಾಗಿ ಆಯಿತೇ ಎಂದು ಕೇಳುತ್ತ ಭಾವನವರ ಸ್ನೇಹಿತರು ಎದುರು ಬಂದರು.

"ಬೇರೆ ಗಾಡಿ ಇದ್ರೆ ತೋರ್ಸಪ್ಪ," ಅಂದರು ಅತ್ತೆ. "ಹಿಂದ್ಗಡೆ ಬಾಗ್ಲು ಒಳಗ್ನಿಂದ ತೆಗೆಯೋ ಅಂಥದ್ದು. ಇವಳು ನೋಡ್ತಾಳೆ."

ನಿಂಬೆಹಣ್ಣಿನ ಚೀಲ ಅವರ ಕಂಕುಳಲ್ಲೇ ಇತ್ತು.